ಹಸಿರು ಮೇಜಿನ ಕರೆಯೋಲೆ

ನಮ್ಮ ಕಡೆಯ ಜಾತ್ರೆಗಳಲ್ಲಿ ನಾಡಕುಸ್ತಿ ನಡೆಯುವುದನ್ನು ನೀವು ನೋಡಿರಬಹುದು. ಮಟ್ಟಿಯ ಸುತ್ತ ನೆರೆದ ಜನರ ನಡುವಿನಿಂದ ಯಾರು ಬೇಕಾದರೂ ತೊಡೆ ತಟ್ಟಿ ಮುಂದೆ ಬರುವ ಪದ್ಧತಿಯೊಂದುಂಟು. ಮೈಸೂರು ದಸರೆಯ ಕುಸ್ತಿಯ ಪದ್ಧತಿ ಹಾಗಲ್ಲ. ಅಲ್ಲಿ ಕೆಲವು ದಿನ ಮುಂಚಿತವಾಗಿಯೇ ಅನುಭವಸ್ಥರು ಕುಳಿತು, ಪೈಲ್ವಾನರ ವಯಸ್ಸು, ತೂಕ, ಹಿಂದಿನ ಸಾಧನೆ ಇವುಗಳನ್ನೆಲ್ಲ ತೂಗಿ ನೋಡಿ, ಇಂಥವನಿಗೆ ಇಂಥವನು ಸರಿಜೋಡಿ ಎಂದು ನಿಶ್ಚಯಿಸುತ್ತಾರೆ. ಇದಕ್ಕೆ ಜೋಡಿ ಕಟ್ಟುವುದೆಂದು ಹೆಸರು. ಮೊದಲನೆಯದು ಎಲ್ಲರಿಗೂ ತೆರೆದ ಕಣ. ಎರಡನೆಯದು ಕರೆ ಬಂದವರ ಕಣ. ಕ್ರೀಡಾಲೋಕದಲ್ಲಿ ಎರಡನೆಯ ಬಗೆಯ ಸ್ಪರ್ಧೆಯನ್ನು ಆಹ್ವಾನಿತ ಪಂದ್ಯಾವಳಿ ಎನ್ನುತ್ತಾರೆ. ಇಂತಹ ಪಂದ್ಯಾವಳಿಯ ಸ್ವರೂಪವನ್ನು ಅರಿಯಬೇಕಾದರೆ ಸ್ನೂಕರ್ ಆಟವನ್ನು ನೋಡುವುದು ಒಳ್ಳೆಯದು. ಏಕೆಂದರೆ ಆ ಆಟವು ಹುಟ್ಟಿದ್ದೇ ಕರೆಯಿಲ್ಲದವರು ಒಳಗೆ ಕಾಲಿಡಲಾಗದ ಕೋಣೆಗಳಲ್ಲಿ.

ಆ ಕೋಣೆಗಳಲ್ಲಿ ಒಂದು ನಮಗೆ ಬಹಳ ದೂರವೇನೂ ಇಲ್ಲ. ಹನೂರು ಸೀಮೆಯ ರಾಮಾಪುರದಿಂದ ನೈಋತ್ಯ ದಿಕ್ಕಿಗೆ ನೇರವಾಗಿ ಒಂದು ಗೆರೆ ಎಳೆದರೆ, ಕಾಡು ಕಣಿವೆಗಳನ್ನು ದಾಟಿ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಅದು ನೀಲಗಿರಿಯ ಉದಕಮಂಡಲವನ್ನು ಮುಟ್ಟುತ್ತದೆ. ಇಂದು ನಡುವೆ ರಾಜ್ಯದ ಗಡಿ ಇದೆ. ಹಿಂದೆ ಅದಿರಲಿಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲದ ಸೀಮೆಯು ಮದರಾಸಿನ ಆಡಳಿತಕ್ಕೆ ಒಳಪಟ್ಟು, ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ನೀಲಗಿರಿಯೂ ಒಂದು ಕಾಲದಲ್ಲಿ ಅದೇ ಜಿಲ್ಲೆಗೆ ಸೇರಿತ್ತು. ಆಂಗ್ಲ ಅಧಿಕಾರಿಗಳಿಗೆ ಬೇಸಿಗೆಯ ಬೇಗೆ ತಡೆಯಲಾಗದಾಗ ಮದರಾಸಿನ ಸರ್ಕಾರವೇ ಗಂಟುಮೂಟೆ ಕಟ್ಟಿಕೊಂಡು ಉದಕಮಂಡಲದ ತಂಪಿಗೆ ಏರುತ್ತಿತ್ತು. ಅವರ ವಿರಾಮಕಾಲಕ್ಕೆಂದು ಅಲ್ಲಿ ಊಟಿ ಕ್ಲಬ್ ಎಂಬ ಸಂಸ್ಥೆಯಿತ್ತು. ಅದರ ಬಿಲಿಯರ್ಡ್ಸ್ ಕೋಣೆಯ ಗೋಡೆಯ ಮೇಲೆ 1882ರಲ್ಲಿ ಹೊಸ ಆಟವೊಂದರ ನಿಯಮಗಳನ್ನು ಬರೆದು ತೂಗುಹಾಕಿದರು. ಆ ಆಟವೇ ಸ್ನೂಕರ್.

ಆಟದ ಕಲ್ಪನೆ ಮೂಡಿದ್ದು ಅದಕ್ಕೆ ಏಳು ವರ್ಷ ಹಿಂದೆ, 1875ರ ಮಳೆಗಾಲದಲ್ಲಿ, ಮಧ್ಯ ಭಾರತದ ಜಬಲ್ಪುರದಲ್ಲಿ. ಹೊರಗೆ ಎಡೆಬಿಡದ ಮಳೆ. ಒಳಗೆ ಮಾಡಲು ಕೆಲಸವಿಲ್ಲದ ಸೈನ್ಯಾಧಿಕಾರಿಗಳು. ಅವರಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣನಿದ್ದನು. (ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚೇಂಬರ್ಲೇನನೇ ಬೇರೆ, ಇವನೇ ಬೇರೆ.) ಆಗ ಆಡುತ್ತಿದ್ದ ಆಟಗಳಲ್ಲಿ ಕೆಂಪು ಚೆಂಡುಗಳೂ ಒಂದು ಕರಿಯ ಚೆಂಡೂ ಇದ್ದವು. ಅವುಗಳ ಜೊತೆಗೆ ಬೇರೆ ಬಣ್ಣದ ಚೆಂಡುಗಳನ್ನೂ ಸೇರಿಸಿ ಆಡಿದರೆ ಹೇಗೆ ಎಂದು ಅವನಿಗೆ ತೋರಿತು. ಹೆಸರು ಬಂದ ಬಗೆಯೂ ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನ ಸೈನಿಕ ಶಾಲೆಯೊಂದರಲ್ಲಿ ಮೊದಲ ವರ್ಷದ ಹಸುಳೆ ವಿದ್ಯಾರ್ಥಿಗಳನ್ನು ಹಾಸ್ಯಕ್ಕೆ ‘ಸ್ನೂಕರ್’ ಎನ್ನುತ್ತಿದ್ದರಂತೆ. ಗುರಿ ತಪ್ಪಿದ ಜೊತೆಗಾರನೊಬ್ಬನನ್ನು ಚೇಂಬರ್ಲೇನ್ ಹಾಗೆಂದು ಕರೆದನು. ಅವನ ಮನಸ್ಸು ನೋಯದಿರಲೆಂದು, ಈ ಆಟದಲ್ಲಿ ನಾವೆಲ್ಲರೂ ಸ್ನೂಕರುಗಳೇ ಎಂದು ಸೇರಿಸಿದನು. ಮುಪ್ಪಿನಲ್ಲಿ, 1938ರಲ್ಲಿ, ಇಂಗ್ಲೆಂಡಿನ ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ ಅವನೇ ಈ ಸಂಗತಿಯನ್ನು ತಿಳಿಸಿದನು.

ಆ ಮೇಜಿನ ಮೇಲೆ ಉರುಳುತ್ತಿದ್ದ ಚೆಂಡುಗಳು ಯಾವುವು ಗೊತ್ತೆ? ಆನೆಯ ದಂತದವು. ಆನೆಗಳ ನಾಡಿನಲ್ಲಿಯೇ ಬೆಳೆಯುತ್ತಿರುವ ನಿಮಗೆ ಇದು ಕೇಳಲು ಹಿತವಾದ ಮಾತಲ್ಲ. ಒಂದು ದಂತದಿಂದ ಕಡೆದು ತೆಗೆಯಬಹುದಾದ ಒಳ್ಳೆಯ ಚೆಂಡುಗಳು ನಾಲ್ಕೋ ಐದೋ ಮಾತ್ರ. ದಂತದ ಬೆಲೆ ಏರುತ್ತ ಹೋದಾಗ, 1863ರಲ್ಲಿ, ಅಮೆರಿಕದ ಬಿಲಿಯರ್ಡ್ಸ್ ಸಾಮಗ್ರಿಯ ವ್ಯಾಪಾರಿಗಳು ದಂತಕ್ಕೆ ಬದಲಾಗುವ ವಸ್ತುವನ್ನು ಕಂಡುಹಿಡಿದವರಿಗೆ ಹತ್ತು ಸಾವಿರ ಡಾಲರು ಕೊಡುವುದಾಗಿ ಸಾರಿದರು. ಆ ಅನ್ವೇಷಣೆಯಲ್ಲಿ ತೊಡಗಿದ ಜಾನ್ ವೆಸ್ಲಿ ಹಯಾಟ್ ಎಂಬಾತನು ಸೆಲ್ಯುಲಾಯ್ಡ್ ಎಂಬ ವಸ್ತುವನ್ನು ಬಳಕೆಗೆ ತಂದನು. ಇಂದಿನ ಪ್ಲಾಸ್ಟಿಕ್ಕುಗಳ ಪೂರ್ವಜರಲ್ಲಿ ಅದೂ ಒಂದು. ಇಂದಿನ ಸ್ನೂಕರ್ ಚೆಂಡುಗಳೆಲ್ಲ ರಾಸಾಯನಿಕವಾಗಿ ತಯಾರಿಸಿದ ಗಟ್ಟಿ ರಾಳದವು. ಆನೆಗೂ ಈ ಆಟಕ್ಕೂ ಈಗ ಸಂಬಂಧವಿಲ್ಲ.

ಇನ್ನು ಆಟವನ್ನು ನೋಡೋಣ. ನೀವು ಕ್ಯಾರಂ ಆಡಿರುತ್ತೀರಿ. ಗೋಲಿಯನ್ನಂತೂ ಆಡಿಯೇ ಇರುತ್ತೀರಿ. ಒಂದು ಗೋಲಿಯಿಂದ ಇನ್ನೊಂದನ್ನು ಹೊಡೆದು ಕುಳಿಗೆ ಕಳಿಸಬಲ್ಲವನಿಗೆ ಸ್ನೂಕರಿನ ಅರ್ಧ ಮರ್ಮ ಆಗಲೇ ತಿಳಿದಂತೆ. ಮೇಜು ಸುಮಾರು ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಅದರ ಹಾಸು ಮರದ್ದಲ್ಲ. ನುಣುಪಾಗಿ ಸಮತಟ್ಟು ಮಾಡಿದ ಸ್ಲೇಟು ಕಲ್ಲಿನ ಚಪ್ಪಡಿಗಳದ್ದು. ಕಲ್ಲಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಹಸಿರು ಉಣ್ಣೆಬಟ್ಟೆ. ಸುತ್ತಲೂ ರಬ್ಬರಿನ ಅಂಚು. ನಾಲ್ಕು ಮೂಲೆಗಳಲ್ಲಿಯೂ ಉದ್ದಬದಿಗಳ ನಡುವೆಯೂ ಸೇರಿ ಆರು ಕುಳಿಗಳು. ಚೆಂಡುಗಳು ಇಪ್ಪತ್ತೆರಡು; ಪ್ರತಿಯೊಂದರ ಅಡ್ಡಗಲ 52.5 ಮಿಲಿಮೀಟರ್. ಆಟಗಾರನು ಕ್ಯೂ ಎಂಬ ಉದ್ದನೆಯ ಕೋಲಿನ ತುದಿಯಿಂದ ಮುಟ್ಟಬಹುದಾದದ್ದು ಬಿಳಿಯ ಚೆಂಡನ್ನು ಮಾತ್ರ. ಉಳಿದ ಇಪ್ಪತ್ತೊಂದನ್ನೂ ಅವನು ಆ ಬಿಳಿಯ ಚೆಂಡಿನ ಮೂಲಕವೇ ಕುಳಿಗೆ ಕಳಿಸಬೇಕು.

ಹದಿನೈದು ಚೆಂಡುಗಳು ಕೆಂಪು. ಒಂದೊಂದಕ್ಕೂ ಒಂದೊಂದು ಅಂಕ. ಉಳಿದವುಗಳಲ್ಲಿ ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಮೊದಲು ಕೆಂಪು ಚೆಂಡೊಂದನ್ನು ಬೀಳಿಸಬೇಕು. ಆಮೇಲೆಯೇ ಬಣ್ಣದ ಚೆಂಡೊಂದನ್ನು ಬೀಳಿಸುವ ಹಕ್ಕು ಬರುತ್ತದೆ. ಕೆಂಪು ಬಿದ್ದರೆ ಬಿದ್ದೇ ಹೋಯಿತು. ಬಣ್ಣದ ಚೆಂಡನ್ನು ಮಾತ್ರ ತೆಗೆದು ಮತ್ತೆ ಅದರ ಸ್ಥಾನದಲ್ಲಿಡುತ್ತಾರೆ. ಹೀಗೆ ಕೆಂಪು, ಬಣ್ಣ, ಕೆಂಪು, ಬಣ್ಣ ಎಂದು ಸಾಗಿ, ಕೆಂಪೆಲ್ಲ ಮುಗಿದ ಮೇಲೆ ಬಣ್ಣದವನ್ನು ಅಂಕದ ಏರುಕ್ರಮದಲ್ಲಿ ಬೀಳಿಸಬೇಕು. ಪ್ರತಿ ಕೆಂಪಿನ ಬೆನ್ನಿಗೂ ಕಪ್ಪನ್ನೇ ಬೀಳಿಸುವ ಆಟಗಾರನಿದ್ದರೆ ಅವನಿಗೆ ಎಷ್ಟು ಅಂಕ ಬಂದೀತು? ಹದಿನೈದನ್ನು ಎಂಟರಿಂದ ಗುಣಿಸಿದರೆ 120, ಕೊನೆಯ ಆರು ಬಣ್ಣಗಳ ಮೊತ್ತ 27, ಒಟ್ಟು 147. ಮೂವತ್ತಾರು ಹೊಡೆತಗಳಲ್ಲಿ ಒಂದೂ ತಪ್ಪಬಾರದು. ಲೋಕವಿಖ್ಯಾತರಾದ ಆಟಗಾರರಿಗೂ ಇದು ಅಪರೂಪದ ಭಾಗ್ಯ.

ಆದರೆ ಚೆಂಡನ್ನು ಬೀಳಿಸುವುದಷ್ಟೇ ಆಟವಲ್ಲ. ಬೀಳಿಸಿದ ಮೇಲೆ ಬಿಳಿಯ ಚೆಂಡು ಎಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯ. ನಿಂತಿರುವ ಚೆಂಡಿಗೆ ಅದೇ ತೂಕದ ಚೆಂಡೊಂದು ನೇರವಾಗಿ ಜಾರಿ ಬಂದು ತಾಗಿದರೆ, ಬಂದದ್ದು ನಿಲ್ಲುತ್ತದೆ, ನಿಂತದ್ದು ಓಡುತ್ತದೆ. ವಿಜ್ಞಾನದ ತರಗತಿಯಲ್ಲಿ ನೀವು ಓದುವ ಸಂವೇಗದ ಸಂರಕ್ಷಣೆಗೆ ಇದಕ್ಕಿಂತ ಚೊಕ್ಕಟವಾದ ನಿದರ್ಶನ ಸಿಗುವುದು ಕಷ್ಟ. ಬಿಳಿಯ ಚೆಂಡಿನ ನಡುವಿಗಿಂತ ಕೆಳಗೆ ಹೊಡೆದರೆ ಅದು ಹಿಮ್ಮುಖವಾಗಿ ತಿರುಗುತ್ತ ಹೋಗಿ, ತಾಗಿದೊಡನೆ ಹಿಂದಕ್ಕೆ ಸರಿದು ಬರುತ್ತದೆ. ಮೇಲೆ ಹೊಡೆದರೆ ಮುಂದಕ್ಕೆ ನುಗ್ಗುತ್ತದೆ. ಬಲ್ಲ ಆಟಗಾರನು ಒಂದು ಚೆಂಡನ್ನು ನೋಡುತ್ತಿರುವಾಗಲೇ ಅದರ ಮುಂದಿನ ಮೂರು ನಾಲ್ಕು ಚೆಂಡುಗಳನ್ನು ಮನಸ್ಸಿನಲ್ಲಿ ಆಡಿ ಮುಗಿಸಿರುತ್ತಾನೆ. ತನಗೆ ಬೀಳಿಸುವ ದಾರಿಯಿಲ್ಲದಿದ್ದರೆ, ಎದುರಾಳಿ ಹೊಡೆಯಬೇಕಾದ ಚೆಂಡಿಗೂ ಬಿಳಿಯ ಚೆಂಡಿಗೂ ನಡುವೆ ಬೇರೊಂದು ಚೆಂಡು ಅಡ್ಡ ಬರುವಂತೆ ಮಾಡಿ ಸುಮ್ಮನೆ ಕುಳಿತುಕೊಳ್ಳುತ್ತಾನೆ. ಹೀಗೆ ಕಟ್ಟಿಹಾಕುವುದಕ್ಕೂ ‘ಸ್ನೂಕರ್’ ಎಂದೇ ಹೆಸರು. ತಪ್ಪು ಹೊಡೆತಕ್ಕೆ ಕನಿಷ್ಠ ನಾಲ್ಕು ಅಂಕ ಎದುರಾಳಿಯ ಪಾಲಾಗುತ್ತವೆ. ಇಲ್ಲಿ ಒಂದು ಮಾತನ್ನು ಹೇಳಲೇಬೇಕು: ತೋಳಿನ ಬಟ್ಟೆ ಚೆಂಡಿಗೆ ಸೋಕಿದ್ದನ್ನು ಪಂಚನು ಕಾಣದಿದ್ದರೂ, ಆಟಗಾರನು ತಾನೇ ಎದ್ದು ನಿಂತು ತಪ್ಪನ್ನು ಒಪ್ಪಿಕೊಳ್ಳುವುದು ಈ ಆಟದ ಸಂಪ್ರದಾಯ.

ಹಳೆಯ ಕಾಲದ ಆ ಕ್ಲಬ್ಬುಗಳ ಬಾಗಿಲು ನಮ್ಮ ಜನರಿಗೆ ತೆರೆದಿರಲಿಲ್ಲ ಎಂದೆನಷ್ಟೆ. ಇದರಲ್ಲಿ ಸಣ್ಣದೊಂದು ತಿದ್ದುಪಡಿ ಬೇಕು. ಒಳಗೆ ಒಬ್ಬ ದೇಶೀಯನು ಇದ್ದೇ ಇರುತ್ತಿದ್ದನು. ಅವನಿಗೆ ಮಾರ್ಕರ್ ಎಂದು ಹೆಸರು. ಅಂಕಗಳನ್ನು ಎಣಿಸಿ ಕೂಗುವುದು, ಬಣ್ಣದ ಚೆಂಡುಗಳನ್ನು ಸ್ವಸ್ಥಾನದಲ್ಲಿಡುವುದು, ಕೋಲುಗಳನ್ನು ಒರೆಸಿಡುವುದು ಅವನ ಕೆಲಸ. ಆಟದ ಒಳಹೊರಗನ್ನೆಲ್ಲ ದಿನವೂ ಹತ್ತಿರದಿಂದ ಕಂಡವನು ಅವನು. ಕರೆ ಮಾತ್ರ ಅವನಿಗೆ ಬರುತ್ತಿರಲಿಲ್ಲ.

ಆಟವು ಇಂಗ್ಲೆಂಡಿಗೆ ಹೋದ ಮೇಲೆ ಅದನ್ನೇ ಜೀವನೋಪಾಯ ಮಾಡಿಕೊಂಡ ವೃತ್ತಿಪರರು ಹುಟ್ಟಿಕೊಂಡರು. 1927ರಲ್ಲಿ ನಡೆದ ಮೊದಲ ವೃತ್ತಿಪರ ವಿಶ್ವ ಚಾಂಪಿಯನ್‌ಷಿಪ್ಪನ್ನು ಗೆದ್ದ ಜೋ ಡೇವಿಸ್‌ಗೆ ದೊರೆತ ಬಹುಮಾನ ಆರೂವರೆ ಪೌಂಡು. ಮುಂದೆ 1946ರವರೆಗೆ ಅವನು ಅದನ್ನು ಒಟ್ಟು ಹದಿನೈದು ಸಲ ಗೆದ್ದನು. ಅನಂತರ ಈ ಆಟಕ್ಕೆ ಪ್ರೇಕ್ಷಕರು ಕಡಿಮೆಯಾಗುತ್ತ ಬಂದರು. ಮತ್ತೆ ಜೀವ ಬಂದದ್ದು ಒಂದು ಆಹ್ವಾನಿತ ಪಂದ್ಯಾವಳಿಯಿಂದಲೇ. 1969ರಲ್ಲಿ ಇಂಗ್ಲೆಂಡಿನ ದೂರದರ್ಶನವು ಬಣ್ಣಕ್ಕೆ ತಿರುಗುತ್ತಿತ್ತು. ಬಣ್ಣವಿದ್ದರೆ ಮಾತ್ರ ಅರ್ಥವಾಗುವ ಆಟ ಯಾವುದು ಎಂದು ಯೋಚಿಸಿದವರಿಗೆ ಸ್ನೂಕರ್ ಹೊಳೆಯಿತು. ಎಂಟು ಜನ ಆಟಗಾರರನ್ನು ಕರೆಸಿ ‘ಪಾಟ್ ಬ್ಲ್ಯಾಕ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಅದರ ಮೊದಲ ವಿಜೇತ ರೇ ರಿಯರ್ಡನ್. ವೇಲ್ಸ್ ದೇಶದವನು, ಮೊದಲು ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಒಮ್ಮೆ ಗಣಿ ಕುಸಿದು ಮೂರು ಗಂಟೆಗಳ ಕಾಲ ಅಲುಗಾಡಲಾರದೆ ಹೂತುಹೋಗಿದ್ದಾಗ, ಧೈರ್ಯಗೆಡದಿರಲೆಂದು ಅವನು ತನ್ನ ತಮ್ಮನೊಡನೆ ಮನಸ್ಸಿನಲ್ಲಿಯೇ ಗೋಲಿ ಆಡುತ್ತಿದ್ದನಂತೆ.

ಇಂದು ವೃತ್ತಿಪರ ಆಹ್ವಾನಿತ ಪಂದ್ಯಾವಳಿಗಳಲ್ಲಿ ಅಗ್ರಗಣ್ಯವಾದುದು ‘ಮಾಸ್ಟರ್ಸ್’. ಅದು 1975ರಲ್ಲಿ ಲಂಡನ್ನಿನಲ್ಲಿ ಹತ್ತು ಜನ ಆಹ್ವಾನಿತರೊಡನೆ ಆರಂಭವಾಯಿತು. ಅಂತಿಮ ಪಂದ್ಯದಲ್ಲಿ ಜಾನ್ ಸ್ಪೆನ್ಸರ್ ಮತ್ತು ಅದೇ ರಿಯರ್ಡನ್ ಎಂಟೆಂಟು ಆಟ ಗೆದ್ದು ಸಮನಾದರು. ಕೊನೆಯ ಆಟದಲ್ಲಿಯೂ ಅಂಕಗಳು ಸಮನಾದವು. ಹಾಗಾದಾಗ ಕಪ್ಪು ಚೆಂಡೊಂದನ್ನೇ ಮತ್ತೆ ಇಟ್ಟು ಆಡಿಸುವುದು ನಿಯಮ. ಆ ಒಂದೇ ಚೆಂಡಿನಿಂದ ಸ್ಪೆನ್ಸರ್ ಗೆದ್ದನು. ಈಗ ಹದಿನಾರು ಜನರಿಗೆ ಮಾತ್ರ ಕರೆ. ಅಂತಿಮ ಪಂದ್ಯದವರೆಗೆ ಮೊದಲು ಆರು ಆಟ ಗೆದ್ದವನು ಜಯಶಾಲಿ. ಅಂತಿಮದಲ್ಲಿ ಹತ್ತು ಗೆಲ್ಲಬೇಕು. 2025ರಲ್ಲಿ ಗೆದ್ದ ಷಾನ್ ಮರ್ಫಿಗೆ ದೊರೆತದ್ದು ಮೂರೂವರೆ ಲಕ್ಷ ಪೌಂಡು. ಜೋ ಡೇವಿಸನ ಆರೂವರೆ ಪೌಂಡನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಈ ಹದಿನಾರು ಜನರನ್ನು ಆರಿಸುವವರು ಯಾರು? ಇಲ್ಲಿಯೇ ‘ಆಹ್ವಾನ’ವೆಂಬ ಮಾತಿನ ಅರ್ಥ ಬದಲಾಗಿರುವುದು. ಕುಲವನ್ನೋ ಹುದ್ದೆಯನ್ನೋ ನೋಡಿ ಕರೆಯುವ ಯಜಮಾನನೊಬ್ಬನು ಇಲ್ಲಿ ಇಲ್ಲ. ವೃತ್ತಿಪರರ ಶ್ರೇಯಾಂಕ ಪಟ್ಟಿಯೊಂದುಂಟು. ಹಿಂದಿನ ಎರಡು ವರ್ಷಗಳ ಶ್ರೇಯಾಂಕ ಪಂದ್ಯಾವಳಿಗಳಲ್ಲಿ ಯಾರು ಎಷ್ಟು ಬಹುಮಾನ ಗಳಿಸಿದರೆಂಬ ಲೆಕ್ಕವೇ ಆ ಪಟ್ಟಿ. ಅದರಲ್ಲಿ ಮೊದಲ ಹದಿನಾರರೊಳಗೆ ನಿಂತವರಿಗೆ ಕರೆ ತಾನಾಗಿ ಬರುತ್ತದೆ. ಹದಿನೇಳನೆಯವನು ಮನೆಯಲ್ಲಿ ಕುಳಿತು ನೋಡಬೇಕು. ಒಂದು ವಿಚಿತ್ರವುಂಟು: ಮಾಸ್ಟರ್ಸ್‌ನಲ್ಲಿ ಗೆದ್ದ ಹಣವನ್ನು ಆ ಪಟ್ಟಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲರಿಗೂ ಪ್ರವೇಶವಿಲ್ಲದ ಕಣದಲ್ಲಿ ಗಳಿಸಿದ್ದರಿಂದ ಒಬ್ಬನು ಮೇಲೇರಿದರೆ ಹೊರಗೆ ನಿಂತವರಿಗೆ ಅನ್ಯಾಯವಾಗುತ್ತದೆ ಎಂಬುದೇ ಇದರ ಹಿಂದಿನ ನ್ಯಾಯ. ಇದು ಸರಿಯಾದ ವಿವೇಕವೆಂದೇ ನನಗೆ ತೋರುತ್ತದೆ.

ಪಟ್ಟಿಯ ಹೊರಗಿನವರಿಗೂ ಹಿಂದೆ ಒಂದೆರಡು ವಿಶೇಷ ಕರೆಗಳು ಹೋಗುತ್ತಿದ್ದವು. 2004ರಲ್ಲಿ ಅಂತಹ ಕರೆ ಬಂದದ್ದು ಚೀನದ ಡಿಂಗ್ ಜುನ್‌ಹುಯಿ ಎಂಬ ಹದಿನಾರು ವರ್ಷದ ಬಾಲಕನಿಗೆ. ಅವನು ಜೋ ಪೆರಿ ಎಂಬ ಅನುಭವಿಯನ್ನು 6–3ರಿಂದ ಸೋಲಿಸಿ, ಮುಂದಿನ ಪಂದ್ಯವನ್ನು 5–6ರಿಂದ ಸೋತನು. ಏಳು ವರ್ಷಗಳ ಅನಂತರ, 2011ರಲ್ಲಿ, ಆ ಪಂದ್ಯಾವಳಿಯನ್ನೇ ಗೆದ್ದನು. ನಮ್ಮ ದೇಶದ ಮೊದಲ ಶ್ರೇಯಾಂಕ ಪಂದ್ಯಾವಳಿ 2013ರಲ್ಲಿ ದೆಹಲಿಯಲ್ಲಿ ನಡೆದಾಗ, ಅಂತಿಮ ಪಂದ್ಯದವರೆಗೆ ಬಂದ ಮುಂಬಯಿಯ ಆದಿತ್ಯ ಮೆಹ್ತಾ ಎದುರಿಸಬೇಕಾದದ್ದೂ ಇದೇ ಡಿಂಗ್‌ನನ್ನು. ಪ್ರಶಸ್ತಿ ಡಿಂಗ್‌ನ ಪಾಲಾಯಿತು.

ಕರ್ನಾಟಕದಲ್ಲಿ ಈ ಆಟದ ಕೇಂದ್ರ ಬೆಂಗಳೂರು. ಅಲ್ಲಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಮೇಲೆ ಬೆಳೆದವರಲ್ಲಿ ಪಂಕಜ್ ಅಡ್ವಾಣಿಯವರ ಹೆಸರು ಮೊದಲನೆಯದು. ಹತ್ತು ವರ್ಷದ ಹುಡುಗನಾಗಿದ್ದಾಗ ಅಣ್ಣನ ಬೆನ್ನು ಹತ್ತಿ ಸ್ನೂಕರ್ ಕೋಣೆಗೆ ಹೋದ ಅವರು, ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಅರವಿಂದ ಸವೂರ್ ಅವರಲ್ಲಿ ಅಭ್ಯಾಸ ಮಾಡಿ, 2003ರಲ್ಲಿ ಹದಿನೆಂಟನೆಯ ವಯಸ್ಸಿಗೆ ಹವ್ಯಾಸಿಗಳ ವಿಶ್ವ ಸ್ನೂಕರ್ ಪ್ರಶಸ್ತಿಯನ್ನು ಗೆದ್ದರು. 2024ರ ಕೊನೆಯ ಹೊತ್ತಿಗೆ ಬಿಲಿಯರ್ಡ್ಸ್ ಮತ್ತು ಸ್ನೂಕರುಗಳಲ್ಲಿ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28 ಆಗಿತ್ತು. 2012ರಲ್ಲಿ ಅವರು ವೃತ್ತಿಪರರ ಸಾಲಿಗೂ ಸೇರಿದರು. 2013ರಲ್ಲಿ ವೇಲ್ಸ್‌ನ ಶ್ರೇಯಾಂಕ ಪಂದ್ಯಾವಳಿಯೊಂದರಲ್ಲಿ ಕೊನೆಯ ಎಂಟರವರೆಗೆ ತಲುಪಿದರು. ಆದರೆ ಹದಿನಾರರೊಳಗೆ ಏರಬೇಕಾದರೆ ವರ್ಷಗಟ್ಟಲೆ ಇಂಗ್ಲೆಂಡಿನಲ್ಲಿಯೇ ನೆಲೆಸಿ, ಬಿಲಿಯರ್ಡ್ಸನ್ನು ಬದಿಗಿಟ್ಟು ಆಡಬೇಕು. 2014ರಲ್ಲಿ ಅವರು ವೃತ್ತಿಪರ ಸ್ಥಾನವನ್ನು ತಾವಾಗಿಯೇ ಬಿಟ್ಟುಕೊಟ್ಟು ತಾಯ್ನಾಡಿಗೆ ಮರಳಿದರು. ಇದನ್ನು ಸೋಲೆಂದು ಬಗೆಯುವವರು ಉಂಟು. ನಾನು ಹಾಗೆ ಬಗೆಯಲಾರೆ.

ರೇವಣ್ಣ ಉಮಾದೇವಿಯವರ ದಾರಿ ಇನ್ನೂ ಬೇರೆ. ಸರ್ಕಾರದ ತೋಟಗಾರಿಕೆ ಇಲಾಖೆಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದ ಅವರು ಕೆಲಸ ಮುಗಿದ ಮೇಲೆ ಟೇಬಲ್ ಟೆನ್ನಿಸ್ ಆಡಲೆಂದು ನೌಕರರ ಕ್ಲಬ್ಬಿಗೆ ಹೋಗುತ್ತಿದ್ದರು. ತಮ್ಮ ಸರದಿಗಾಗಿ ಕಾಯುತ್ತಿದ್ದಾಗ ಪಕ್ಕದ ಹಸಿರು ಮೇಜು ಕಣ್ಣಿಗೆ ಬಿತ್ತು. ಅಲ್ಲಿ ಅವರನ್ನು ಯಾರೂ ಕರೆದಿರಲಿಲ್ಲ. ತಾವಾಗಿ ಹೋಗಿ ಕೋಲು ಹಿಡಿದರು. 2012ರಲ್ಲಿ ಅವರು ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು.

ಬೆಂಗಳೂರಿನಿಂದ ಲಂಡನ್ನಿನ ಮಾಸ್ಟರ್ಸ್‌ವರೆಗೆ ಹೋಗುವ ದಾರಿಯೊಂದು ಇನ್ನೂ ಉಳಿದಿದೆ. ಅದನ್ನು ನಡೆದವರು ಪರದೇಶದ ಇಬ್ಬರು ಹುಡುಗರು. ಹವ್ಯಾಸಿಗಳ ವಿಶ್ವ ಸ್ನೂಕರ್ ಚಾಂಪಿಯನ್‌ಷಿಪ್ 2011ರಲ್ಲಿಯೂ 2014ರಲ್ಲಿಯೂ ಬೆಂಗಳೂರಿನಲ್ಲಿ ನಡೆಯಿತು. ಅದನ್ನು ಗೆದ್ದವನಿಗೆ ವೃತ್ತಿಪರರ ಸಾಲಿನಲ್ಲಿ ಸ್ಥಾನ ದೊರೆಯುತ್ತಿತ್ತು. 2011ರಲ್ಲಿ ಇರಾನಿನ ಹದಿನೇಳು ವರ್ಷದ ಹೊಸೇನ್ ವಫಾಯಿ, ವೇಲ್ಸ್‌ನ ಲೀ ವಾಕರನನ್ನು 10–9ರಿಂದ ಗೆದ್ದನು. 2014ರಲ್ಲಿ ಚೀನದ ಯಾನ್ ಬಿಂಗ್‌ಟಾವ್, ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್‌ನನ್ನು 8–7ರಿಂದ ಗೆದ್ದನು. ಆಗ ಯಾನ್‌ನಿಗೆ ಹದಿನಾಲ್ಕು ವರ್ಷ. ಅಂದರೆ ನಿಮ್ಮದೇ ವಯಸ್ಸು. ಇಬ್ಬರದೂ ಕೊನೆಯ ಆಟದಲ್ಲಿ ದೊರೆತ ಗೆಲುವು.

ವಫಾಯಿಗೆ ಸ್ಥಾನ ದೊರೆಯಿತು, ಪ್ರವೇಶಪತ್ರ ದೊರೆಯಲಿಲ್ಲ. ಇಂಗ್ಲೆಂಡಿಗೆ ಹೋಗಲು ವೀಸಾ ಸಿಗದೆ ಅವನು ಹಲವು ವರ್ಷ ಊರಿನಲ್ಲಿಯೇ ಉಳಿಯಬೇಕಾಯಿತು. ಯಾನ್ ಬೇಗ ಮೇಲೇರಿದನು. 2021ರಲ್ಲಿ ಮಾಸ್ಟರ್ಸ್‌ಗೆ ಮೊದಲ ಸಲ ಕರೆ ಬಂದಾಗ, ಸಾಂಕ್ರಾಮಿಕದ ಕಾರಣದಿಂದ ಪ್ರೇಕ್ಷಕರೇ ಇಲ್ಲದ ಸಭಾಂಗಣದಲ್ಲಿ ಜಾನ್ ಹಿಗಿನ್ಸ್‌ನಂತಹ ಹಿರಿಯನನ್ನು 10–8ರಿಂದ ಮಣಿಸಿ ಪ್ರಶಸ್ತಿಯನ್ನು ಪಡೆದನು. ವಯಸ್ಸು ಇಪ್ಪತ್ತು. ಇದಾದ ಎರಡು ವರ್ಷಕ್ಕೆ ಆ ಕೀರ್ತಿ ಕೆಟ್ಟಿತು. ಹಣಕ್ಕಾಗಿ ಪಂದ್ಯಗಳ ಫಲಿತಾಂಶವನ್ನು ಮೊದಲೇ ಗೊತ್ತುಮಾಡಿಕೊಂಡ ಆರೋಪದ ಮೇಲೆ 2022ರ ಡಿಸೆಂಬರಿನಲ್ಲಿ ಅವನನ್ನು ಅಮಾನತಿನಲ್ಲಿಟ್ಟರು. 2023ರಲ್ಲಿ ಆರೋಪ ಸಾಬೀತಾಗಿ ಐದು ವರ್ಷಗಳ ನಿಷೇಧ ವಿಧಿಸಿದರು. ತೋಳು ಸೋಕಿದ್ದನ್ನೂ ತಾನೇ ಒಪ್ಪಿಕೊಳ್ಳುವ ಆಟದಲ್ಲಿ ಇದು ನಡೆಯಿತು.

ಅಮಾನತು ಬಂದದ್ದು 2023ರ ಮಾಸ್ಟರ್ಸ್ ಇನ್ನೇನು ಆರಂಭವಾಗಬೇಕೆನ್ನುವಾಗ. ಹದಿನಾರರಲ್ಲಿ ಯಾನ್‌ನದೂ ಅವನ ದೇಶದ ಇನ್ನೊಬ್ಬನದೂ ಎರಡು ಹೆಸರುಗಳು ಪಟ್ಟಿಯಿಂದ ಅಳಿಸಿಹೋದವು. ಆ ಎರಡು ಕರೆಗಳು ಪಟ್ಟಿಯಲ್ಲಿ ಮುಂದೆ ನಿಂತಿದ್ದವರಿಗೆ ಹೋದವು. ಅವುಗಳಲ್ಲಿ ಒಂದು ತಲುಪಿದ್ದು ಹೊಸೇನ್ ವಫಾಯಿಗೆ. ಬೆಂಗಳೂರಿನಲ್ಲಿ ಗೆದ್ದು ಹನ್ನೊಂದು ವರ್ಷ ಕಳೆದಿದ್ದವು. ಇರಾನಿನಿಂದ ಆ ಪಂದ್ಯಾವಳಿಗೆ ಬಂದ ಮೊದಲ ಆಟಗಾರನು ಅವನೇ. ಮೊದಲ ಪಂದ್ಯದಲ್ಲಿ ಅವನಿಗೆ ಎದುರಾದವನು ನಾಲ್ಕು ಸಲ ವಿಶ್ವ ಚಾಂಪಿಯನ್ ಆಗಿದ್ದ ಮಾರ್ಕ್ ಸೆಲ್ಬಿ. ವಫಾಯಿ 6–2ರಿಂದ ಗೆದ್ದನು.